ಸಿಟ್ಟಿಗೆ ಕಾಲುವೆ ಹಾರಿದವಳು

ವೆಟರ್‌ಹೂಸಮ್‌ನಲ್ಲಿ ಹಿಸ್ಕೆಯ ಸಿಟ್ಟು ಊರಿಗೆಲ್ಲ ಗೊತ್ತಿರುವ ವಿಷಯ. ಬೇಕರಿಯವನು ಅವಳಿಗೆ ನಿನ್ನೆಯ ಬ್ರೆಡ್ಡು ಕೊಡುವ ಧೈರ್ಯ ಮಾಡುವುದಿಲ್ಲ. ಪಾದ್ರಿ ದಾರಿಯಲ್ಲಿ ಎದುರಾದರೆ ಮಳೆ ಗಾಳಿಯ ಬಗ್ಗೆ ಎರಡು ಮಾತಾಡಿ ಸೈಕಲ್ ಹತ್ತಿಬಿಡುತ್ತಾನೆ. ಹೊಸದಾಗಿ ಊರಿಗೆ ಬಂದವರು ಆ ಹೆಂಗಸು ಹುಟ್ಟಿದ್ದೇ ಹಾಗೇನೋ ಅಂದುಕೊಳ್ಳುತ್ತಾರೆ. ಹಾಗಲ್ಲ. ಹದಿನಾರು ತುಂಬುವ ತನಕ ಅವಳು ಮಾತಿಗೊಮ್ಮೆ ನಗುವ ಹುಡುಗಿ. ಆ ನಗು ಒಂದು ಮಧ್ಯಾಹ್ನ ನಿಂತುಹೋಯಿತು. ನಿಲ್ಲಿಸಿದವರು ಹೊರಗಿನವರೂ ಅಲ್ಲ.

ಫ್ರೀಸ್‌ಲ್ಯಾಂಡಿನ ಆ ಭಾಗದಲ್ಲಿ ದಾರಿಗಳಿಗಿಂತ ಕಾಲುವೆಗಳೇ ಹೆಚ್ಚು. ಹುಲ್ಲುಗಾವಲು, ಅದರಾಚೆ ನೀರು, ನೀರಿನಾಚೆ ಮತ್ತೆ ಹುಲ್ಲುಗಾವಲು. ವಸಂತದಲ್ಲಿ ಟಿಟ್ಟಿಭ ಹಕ್ಕಿಯ ಮೊಟ್ಟೆ ಹುಡುಕಲು ಹೋಗುವವರು ಉದ್ದನೆಯ ಗಳವೊಂದನ್ನು ಹೆಗಲ ಮೇಲೆ ಹೊತ್ತು, ಕಾಲುವೆ ಅಡ್ಡ ಬಂದಲ್ಲೆಲ್ಲ ಗಳ ಊರಿ ಆಚೆ ಹಾರುತ್ತಿದ್ದರು. ಅದೇ ಬೆಳೆದು ಆಟವಾಗಿತ್ತು. ಈಚೆ ದಡದಲ್ಲಿ ಮರದ ಅಟ್ಟಣೆ, ನೀರಿನಲ್ಲಿ ಮನೆಯ ಮಾಡಿಗಿಂತ ಎತ್ತರದ ಗಳ. ಓಡಿಬಂದು ಗಳಕ್ಕೆ ನೆಗೆದು, ಅದು ಆಚೆ ದಡದ ಕಡೆ ವಾಲುವುದರೊಳಗೆ ಕೈಕಾಲು ಬಳಸಿ ತುದಿಗೆ ಹತ್ತಿ, ಅಲ್ಲಿಂದ ಆಚೆ ಹಾಸಿದ ಮರಳಿಗೆ ಧುಮುಕಬೇಕು. ಎಲ್ಲರಿಗಿಂತ ದೂರ ಬಿದ್ದವನು ಗೆದ್ದ. ಗಳ ಪಕ್ಕಕ್ಕೆ ವಾಲಿದರೆ, ಅಥವಾ ನಡುವೆಯೇ ನಿಂತು ಹಿಂದಕ್ಕೆ ಬಂದರೆ, ನೀರು ಕಾದಿರುತ್ತದೆ.

ಹಿಸ್ಕೆಯ ಅಪ್ಪ ಯೊಲ್ಲೆ ತನ್ನ ಕಾಲದಲ್ಲಿ ಹೆಸರುವಾಸಿಯಾದ ಹಾರುಗಾರ. ಸೊಂಟ ಹಿಡಿದುಕೊಂಡ ಮೇಲೆ ಹಾರುವುದು ಬಿಟ್ಟು, ಕ್ಲಬ್ಬಿನ ಸಮಿತಿಯಲ್ಲಿದ್ದುಕೊಂಡು, ಸ್ಪರ್ಧೆಯ ದಿನ ಗಳ ನಿಲ್ಲಿಸಿ ಹಿಡಿಯುವ ಕೆಲಸ ಮಾಡುತ್ತಿದ್ದ. ತನ್ನ ನಂತರ ಮಗ ವೀಬ್ರೆನ್ ಹೆಸರು ತರಬೇಕು ಅಂತ ಅವನಿಗೆ ಆಸೆ. ವೀಬ್ರೆನ್‌ಗೆ ಎತ್ತರ ಎಂದರೆ ಹೊಟ್ಟೆ ತೊಳಸುತ್ತಿತ್ತು. ಆದರೂ ಅಪ್ಪನ ಮುಖ ನೋಡಿ ಹಾರುತ್ತಿದ್ದ. ಕೆಳಗಿಳಿದಾಗ ಅಪ್ಪ ಬೆನ್ನು ತಟ್ಟುತ್ತಾನಲ್ಲ, ಅದಕ್ಕಾಗಿ ಹಾರುತ್ತಿದ್ದ. ಗಳದ ಮೇಲೆ ಜಾರದಿರಲೆಂದು ಹಿಸ್ಕೆ ಅಣ್ಣನ ಕಾಲಿಗೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿಕೊಡುತ್ತಿದ್ದಳು. ಗಳಕ್ಕೆ ಅಂಟಿದ ಕೆಸರು ಒರೆಸುತ್ತಿದ್ದಳು. ಅವರಿಬ್ಬರೂ ಊಟಕ್ಕೆ ಹೋದಾಗ ತಾನೇ ಓಡಿ ಗಳಕ್ಕೆ ನೆಗೆಯುತ್ತಿದ್ದಳು. ಅವಳಿಗೆ ಅದಕ್ಕೆ ಕಾರಣವೇ ಬೇಕಿರಲಿಲ್ಲ. ಮೇಲೆ ಹೋದಾಗ ನಾಲ್ಕು ಊರಿನ ಚರ್ಚಿನ ಗೋಪುರ ಕಾಣುತ್ತಿತ್ತು, ಗಾಳಿ ಕಿವಿಯಲ್ಲಿ ಹೊಕ್ಕು ಹೊರಡುತ್ತಿತ್ತು, ಅಷ್ಟು ಸಾಕಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಆ ಬೇಸಿಗೆ ಕ್ಲಬ್ಬಿನವರು ಗಂಡಸರ ಸ್ಪರ್ಧೆಯ ನಡುವೆ ಹೆಂಗಸರದ್ದೂ ಒಂದು ಸುತ್ತು ಇರುತ್ತದೆ ಎಂದು ಗೋಡೆಗೆ ಕಾಗದ ಅಂಟಿಸಿದರು. ಹಿಸ್ಕೆ ಕುಣಿದಾಡಿಬಿಟ್ಟಳು. ದಿನವೂ ಹಾಲು ಕರೆದಾದ ಮೇಲೆ ಅಭ್ಯಾಸ ಮಾಡಿದಳು. ಅಪ್ಪ ನೋಡಿಯೂ ನೋಡದವನ ಹಾಗೆ ಇದ್ದ. ಬೇಡ ಅನ್ನಲಿಲ್ಲ, ಹೀಗೆ ಮಾಡು ಅಂತಲೂ ಅನ್ನಲಿಲ್ಲ. ತಾಯಿ ಅವಳಿಗೆ ಬಿಳಿ ರವಿಕೆಯೊಂದನ್ನು ಹೊಲಿದುಕೊಟ್ಟಳು.

ಸ್ಪರ್ಧೆಯ ದಿನ ಹುಲ್ಲಿನ ದಡದ ತುಂಬ ಜನ. ಕರಿದ ಮೀನಿನ ವಾಸನೆ, ಬಿಯರು, ಬ್ಯಾಂಡಿನವರ ಊದು. ಧ್ವನಿವರ್ಧಕದ ಮುಂದೆ ಕ್ಲಬ್ಬಿನ ಅಧ್ಯಕ್ಷ ಲೊಲ್ಕೆ, ಟ್ರ್ಯಾಕ್ಟರ್ ಮಾರುವವನು, ಮಾತಿನಲ್ಲಿ ಗಟ್ಟಿಗ. ಹೆಂಗಸರ ಸುತ್ತು ಎಂದು ಕೂಗಿದ್ದೇ ಅವನ ದನಿ ಬದಲಾಯಿತು. ಮೀನುಗಳೆಲ್ಲ ಸ್ವಲ್ಪ ಪಕ್ಕಕ್ಕೆ ಸರಿಯಬೇಕು, ಭಾರಿ ಸಾಮಾನು ಬೀಳುತ್ತಿದೆ ಎಂದ. ಜನ ನಕ್ಕರು. ಮೊದಲು ಹಾರಿದವಳು ತ್ರೀನ್. ಹಾಲಿನ ಕಾರ್ಖಾನೆಯಲ್ಲಿ ಕ್ಯಾನ್ ಎತ್ತುವವಳು, ಮದುವೆಯಾದವಳು, ಕೈಯ ಶಕ್ತಿ ಎಂದರೆ ಶಕ್ತಿ. ಅಂಥವಳೂ ಗಳ ಹಿಡಿದವಳೇ ಸರ್ರನೆ ಜಾರಿ ಕುತ್ತಿಗೆವರೆಗೆ ನೀರಿಗಿಳಿದಳು. ಜನ ಹೋ ಎಂದರು. ತ್ರೀನ್ ನೀರಿನಲ್ಲೇ ನಿಂತು ರಾಣಿಯ ಹಾಗೆ ಕೈಬೀಸಿದಳು.

ಮುಂದಿನ ಸರದಿ ಹಿಸ್ಕೆಯದು. ಗಳ ಹಿಡಿದು ನಿಂತಿದ್ದವನು ಅವಳಪ್ಪ. ಅವಳು ಅವನ ಮುಖ ನೋಡಿ ನಕ್ಕಳು. ಅವನು ಬೇರೆ ಕಡೆ ನೋಡಿದ. ಓಡಿದಳು, ನೆಗೆದಳು, ಸರಿಯಾದ ಎತ್ತರಕ್ಕೇ ಗಳ ಸಿಕ್ಕಿತು. ಮುಂದಿನ ಹಿಡಿತಕ್ಕೆ ಕೈ ಹಾಕಿದರೆ ಗಳ ಬೆಣ್ಣೆಯಂತೆ ಜಾರಿತು. ಒಂದು ಕೈ ಹೋಯಿತು, ಇನ್ನೊಂದು ಕೈಯೂ ಹೋಯಿತು. ಬೆನ್ನಡಿಯಾಗಿ ನೀರಿಗೆ ಬಿದ್ದಳು. ಎದ್ದಾಗ ಬಿಳಿ ರವಿಕೆ ಮೈಗೆ ಅಂಟಿಕೊಂಡಿತ್ತು. ದಡದ ಮೇಲೆ ಗಂಡಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪತ್ರಿಕೆಯವನೊಬ್ಬ ಫೋಟೋ ತೆಗೆಯುತ್ತಿದ್ದ. ಲೊಲ್ಕೆ ಧ್ವನಿವರ್ಧಕದಲ್ಲಿ ಏನೋ ಅಂದ, ಅದು ಅವಳಿಗೆ ಕೇಳಲಿಲ್ಲ. ಅವಳಿಗೆ ಕಂಡದ್ದು ಒಂದೇ, ಅಟ್ಟಣೆಯ ಮೇಲೆ ಅವಳಪ್ಪ ಬಾಯಿ ತೆರೆದು ನಗುತ್ತಿದ್ದ.

ಎಲ್ಲರಿಗಿಂತ ಚೆನ್ನಾಗಿ ಬಿದ್ದವಳು ಎಂದು ಅವಳಿಗೇ ಬಹುಮಾನ ಕೊಟ್ಟರು. ದೊಡ್ಡ ಸಕ್ಕರೆ ಬ್ರೆಡ್ಡು, ಅದಕ್ಕೊಂದು ರಿಬ್ಬನ್. ಅದನ್ನು ಇಸಿದುಕೊಳ್ಳುವಾಗ ಅವಳಿಗೆ ತನ್ನ ಅಂಗೈಯ ವಾಸನೆ ಬಂತು. ಮನೆಯ ನೆಲ ಉಜ್ಜುವ ಹಸಿರು ಮೆತ್ತನೆ ಸಾಬೂನಿನ ವಾಸನೆ. ಅವಳು ಬ್ರೆಡ್ಡನ್ನು ಎತ್ತಿ ಕಾಲುವೆಗೆಸೆದು, ಒದ್ದೆ ಬಟ್ಟೆಯಲ್ಲೇ ಮನೆಗೆ ನಡೆದಳು. ಅಡಿಗೆಮನೆಯ ತೊಟ್ಟಿಯ ಕೆಳಗೆ ಕೈಹಾಕಿ ಸಾಬೂನಿನ ಡಬ್ಬಿ ತೆಗೆದಳು. ನಿನ್ನೆ ತುಂಬಿದ್ದ ಡಬ್ಬಿ ಅರ್ಧವಾಗಿತ್ತು. ತಾಯಿ ಆಲೂಗಡ್ಡೆ ಸುಲಿಯುತ್ತಿದ್ದಳು. ತಲೆಯೆತ್ತದೆ ಹೇಳಿದಳು, "ನಿಮ್ಮಪ್ಪ ತಗೊಂಡ್ಹೋದ ಬೆಳಿಗ್ಗೆ. ಯಾಕೆ ಅಂತ ನಾನು ಕೇಳ್ಲಿಲ್ಲ."

ಯೊಲ್ಲೆ ಊಟಕ್ಕೆ ಬಂದಾಗ ಹಿಸ್ಕೆ ಡಬ್ಬಿಯನ್ನು ಅವನ ತಟ್ಟೆಯ ಪಕ್ಕಕ್ಕೆ ಇಟ್ಟಳು. ಅವನು ಅದನ್ನು ನೋಡಿದ, ಆಲೂಗಡ್ಡೆ ಕಲಸಿದ, ಒಂದು ತುತ್ತು ಬಾಯಿಗಿಟ್ಟುಕೊಂಡ.

"ತಮಾಷೆ ಕಣೇ. ಸಮಿತಿಯೋರೆಲ್ಲ ಸೇರಿ ಮಾಡಿದ್ದು. ನಗೋಕ್ಕೂ ಬರಲ್ವಾ ನಿಂಗೆ?"

ಹಿಸ್ಕೆ ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದುಹೋದಳು. ಆ ದಿನದಿಂದ ಅಪ್ಪನ ಜೊತೆ ಉಪ್ಪು ಕೊಡು, ಬಾಗಿಲು ಹಾಕು ಎಂಬಷ್ಟು ಮಾತು ಮಾತ್ರ. ಊರಿನವರು ಹುಡುಗಿಗೆ ತಮಾಷೆ ತಿಳಿಯುವುದಿಲ್ಲ ಎಂದರು. ಬಿದ್ದದ್ದಕ್ಕೆ ಅವಳಿಗೆ ಸಿಟ್ಟಿರಲಿಲ್ಲ, ಬೀಳುವುದು ಆಟದಲ್ಲಿ ಇದ್ದದ್ದೇ. ಅವಳು ದಿನವೂ ಅಭ್ಯಾಸ ಮಾಡುವುದನ್ನು ನೋಡುತ್ತ ಅಪ್ಪ ಸುಮ್ಮನಿದ್ದನಲ್ಲ, ಅದು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು.

ತ್ರೀನ್ ಮಾತ್ರ ಅದನ್ನೆಲ್ಲ ಅಲ್ಲಿಗೇ ಬಿಟ್ಟಿದ್ದಳು. ಅವಳಿಗೆ ನಾಲ್ಕು ಜನ ನೋಡಿದರೆ ಖುಷಿ. ಅವಳು ಹಾರಲು ಬಂದದ್ದೇ ಅದಕ್ಕೆ. ಆದರೆ ಸೋಮವಾರ ಕಾರ್ಖಾನೆಗೆ ಹೋದರೆ, ಊಟದ ಕೋಣೆಯ ಗೋಡೆಯ ಮೇಲೆ ಪತ್ರಿಕೆಯಲ್ಲಿ ಬಂದ ಅವಳ ಫೋಟೋ ಅಂಟಿಸಿದ್ದರು. ಒದ್ದೆ ಬಟ್ಟೆಯ ಅವಳ ಎದೆಯ ಸುತ್ತ ಯಾರೋ ಪೆನ್ಸಿಲಿನಲ್ಲಿ ಗುಂಡಗೆ ಗೀಟು ಹಾಕಿದ್ದರು. ಅವಳ ಗಂಡನೂ ಅಲ್ಲೇ ಕೆಲಸಕ್ಕಿದ್ದ, ಅದರ ಕೆಳಗೇ ಕೂತು ಬ್ರೆಡ್ಡು ತಿನ್ನುತ್ತಿದ್ದ. ತ್ರೀನ್ ಫೋಟೋ ಹರಿದಳು, ಗಂಡನ ಕಾಫಿ ಲೋಟವನ್ನು ಅವನ ಮಡಿಲಿಗೆ ಮಗುಚಿದಳು, ಸೀದಾ ಹಿಸ್ಕೆಯ ಮನೆಯ ಕೊಟ್ಟಿಗೆಗೆ ಬಂದಳು.

"ಬಾರೇ," ಅಂದಳು. "ಅವರ ಅಟ್ಟಣೆ ಅವರಿಗೇ ಇರ್ಲಿ. ನಾವೊಂದು ಕಟ್ಕೊಳ್ಳೋಣ."

ತ್ರೀನಳ ಅತ್ತೆಯ ಕುರಿ ಹುಲ್ಲುಗಾವಲಿನ ಹಿಂದೆ ಅಗಲವಾದ ಕಾಲುವೆಯೊಂದಿತ್ತು. ಒಡೆದು ಬಿದ್ದಿದ್ದ ಹಳೆಯ ದೋಣಿಯೊಂದರ ಹಲಗೆ ಕಿತ್ತು ಇಬ್ಬರೂ ಅಟ್ಟಣೆ ಹೊಡೆದರು. ಕ್ಲಬ್ಬಿನವರು ಅಲ್ಯೂಮಿನಿಯಂ ಗಳ ಬಂದ ಮೇಲೆ ಬಿಸಾಡಿದ್ದ ಮರದ ಗಳವನ್ನು ಎತ್ತಿಕೊಂಡು ಬಂದರು. ಅದು ಹೆಣದ ಹಾಗೆ ಭಾರ. ಆಚೆ ದಡಕ್ಕೆ ಮರಳು ಹೊತ್ತು ಸುರಿದರು. ಅತ್ತೆ ಬಂದು, ಕುರಿ ಹೆದರಿ ಗರ್ಭ ಇಳಿದರೆ ನೋಡಿ ಎಂದು ಬೈದಳು. ಆಮೇಲೆ ಅವಳೇ ಒಂದು ಬೆಂಚು ತಂದು ಹಾಕಿಕೊಂಡು ನೋಡುತ್ತ ಕೂತಳು.

ಒಬ್ಬೊಬ್ಬರಾಗಿ ಬೇರೆಯವರೂ ಬಂದರು. ಶಾಲೆಯ ಟೀಚರ್ ಒಬ್ಬಳು, ದಿನವಿಡೀ ಮಕ್ಕಳ ಗಲಾಟೆ ಕೇಳಿ ತಲೆ ಕೆಟ್ಟಿದೆ, ಗಳದ ಮೇಲೆ ಯಾರೂ ಮಿಸ್ ಮಿಸ್ ಅನ್ನುವುದಿಲ್ಲ ಎಂದಳು. ಬೇಕರಿಯವನ ಹೆಂಡತಿ ಮೈ ಇಳಿಸಬೇಕು ಎಂದು ಬಂದಳು. ಮೈ ಇಳಿಯಲಿಲ್ಲ, ಅವಳು ಬರುವುದನ್ನೂ ಬಿಡಲಿಲ್ಲ. ಗಂಡ ಸತ್ತ ಇನ್ನೊಬ್ಬಳು ಯಾಕೆ ಬಂದಳು ಎಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಹಾರಿ ಕೆಳಗಿಳಿದಾಗಲೆಲ್ಲ ಮರಳಿನ ಮೇಲೆ ಸ್ವಲ್ಪ ಹೊತ್ತು ಮಲಗಿಬಿಡುತ್ತಿದ್ದಳು. ಹಿಸ್ಕೆ ಇವರೆಲ್ಲರಿಗಿಂತ ಹೆಚ್ಚು ಹಾರಿದಳು, ಹೆಚ್ಚು ಬಿದ್ದಳು. ಅಂಗೈ ಸುಲಿದು ರಕ್ತ ಬಂದರೆ ಬಟ್ಟೆ ಸುತ್ತಿಕೊಂಡು ಮತ್ತೆ ಓಡುತ್ತಿದ್ದಳು. ಮೇಲೆ ಹತ್ತುವಾಗ ಹಲ್ಲು ಕಡಿಯುವ ಸದ್ದು ದಡಕ್ಕೆ ಕೇಳುತ್ತಿತ್ತು ಎಂದು ತ್ರೀನ್ ಈಗಲೂ ಹೇಳುತ್ತಾಳೆ. ಹಿಸ್ಕೆಯ ಮಟ್ಟಿಗೆ ಹತ್ತುವ ಪ್ರತಿಯೊಂದು ಹಿಡಿತವೂ ಅಪ್ಪನ ಆ ನಗುವ ಬಾಯಿಯನ್ನು ಮುಚ್ಚುವ ಕೈ.

ಮುಂದಿನ ವಸಂತಕ್ಕೆ ಹೆಂಗಸರು ಕ್ಲಬ್ಬಿಗೆ ಹೋಗಿ, ತಮಗೂ ಸರಿಯಾದ ಸುತ್ತು ಬೇಕು, ಸರಿಯಾದ ಅಟ್ಟಣೆಯ ಮೇಲೆ, ಟೇಪು ಹಿಡಿದು ಅಳೆಯಬೇಕು ಎಂದು ಕೇಳಿದರು. ಬಿಯರ್ ಅಂಗಡಿಯ ಮಹಡಿಯಲ್ಲಿ ಸಭೆ ಸೇರಿತು. ಹೆಂಗಸರು ಸದಸ್ಯರಲ್ಲ, ಹಾಗಾಗಿ ಬಾಗಿಲ ಬಳಿ ನಿಂತರು. ಲೊಲ್ಕೆ ಬಹಳ ಕಾಳಜಿಯಿಂದ ಮಾತಾಡಿದ. ಹೆಂಗಸರ ಮೈಕಟ್ಟು ಇದಕ್ಕೆ ಆದದ್ದಲ್ಲ, ನಾಳೆ ಯಾರಿಗಾದರೂ ಏನಾದರೂ ಆಗಿ ಮಕ್ಕಳಾಗದೆ ಹೋದರೆ ಕ್ಲಬ್ಬಿಗೆ ಕೆಟ್ಟ ಹೆಸರು ಎಂದ. ತ್ರೀನ್ ತನಗಾಗಲೇ ಮೂರು ಮಕ್ಕಳಿವೆ, ಬೇಕಿದ್ದರೆ ಒಂದನ್ನು ಕ್ಲಬ್ಬಿಗೇ ಕೊಡುತ್ತೇನೆ ಎಂದಳು. ಕೆಲವರು ನಕ್ಕರು. ಆಮೇಲೆ ಬೇಡ ಅನ್ನುವವರು ಕೈ ಎತ್ತಿ ಎಂದಾಗ ಒಂದೊಂದೇ ಕೈ ಮೇಲೆದ್ದಿತು. ಯೊಲ್ಲೆ ಮಗಳ ಕಡೆ ನೋಡಲಿಲ್ಲ. ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡ. ಅವನ ಕೈಯೂ ಮೇಲೆದ್ದಿತು.

ಹಿಸ್ಕೆ ಮೆಟ್ಟಿಲಿಳಿದು ಬಂದಳು. ತ್ರೀನ್ ಹಿಂದೆಯೇ ಬಂದು ಹೆಗಲ ಮೇಲೆ ಕೈ ಹಾಕಹೋದರೆ ಕೊಡವಿಹಾಕಿದಳು.

ಜುಲೈನಲ್ಲಿ ವರ್ಷದ ದೊಡ್ಡ ಸ್ಪರ್ಧೆ, ಸುತ್ತಲಿನ ಊರುಗಳವರೆಲ್ಲ ಬರುವಂಥದ್ದು. ಮೊದಲ ಸುತ್ತು ಮುಗಿದು ಅಟ್ಟಣೆ ಖಾಲಿಯಾದ ಹೊತ್ತಿಗೆ ಹಿಸ್ಕೆ, ತ್ರೀನ್, ಟೀಚರ್ ಮತ್ತು ಉಳಿದವರು ಮೇಲೆ ಹೋಗಿ ತುದಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತರು. ಏನೂ ಕೂಗಲಿಲ್ಲ, ಏನೂ ಕೇಳಲಿಲ್ಲ. ಲೊಲ್ಕೆ ಧ್ವನಿವರ್ಧಕದಲ್ಲಿ, ಕೋಳಿಗಳು ಹಲಗೆ ಹತ್ತಿವೆ, ಯಾರಾದರೂ ಕಾಳು ಹಾಕಿ ಕರೆಯಿರಿ ಎಂದ. ಒಂದು ನಗೆಯೆದ್ದಿತು. ಅವರು ಏಳಲಿಲ್ಲ. ಎರಡನೆಯ ಸಲ ತಮಾಷೆ ಮಾಡಿದಾಗ ನಗು ಅರ್ಧಕ್ಕೆ ನಿಂತಿತು. ಆಮೇಲೆ ಬೈದ. ಬೇಕರಿಯವನು ದಡದಿಂದ ಹೆಂಡತಿಯ ಹೆಸರು ಕೂಗಿ ಮನೆಗೆ ಬಾ ಎಂದ. ಅವಳು ತಿರುಗಿಯೂ ನೋಡಲಿಲ್ಲ. ಮಳೆ ಹನಿಯತೊಡಗಿತು. ಬಿಯರಿನ ಲೋಟ ಹಿಡಿದವರು ಯಾವುದಾದರೊಂದು ಬೇಗ ಮುಗಿಸಿ ಎಂದು ಗೊಣಗಿದರು.

ಮುಂದಿನ ಸರದಿ ವೀಬ್ರೆನ್‌ದು. ಅವನು ಕಾಲಿಗೆ ಟ್ಯೂಬು ಕಟ್ಟಿಕೊಂಡು ಅಟ್ಟಣೆಯ ಹಿಂದೆ ನಿಂತಿದ್ದ. ಮುಖ ಸುಣ್ಣದ ಹಾಗೆ ಬಿಳಿಚಿತ್ತು, ಪ್ರತಿಸಲವೂ ಹಾಗೇ. ಯೊಲ್ಲೆ ನೀರಿನಲ್ಲಿ ಗಳ ನಿಲ್ಲಿಸಿ, ಇವರನ್ನು ದಾಟಿಕೊಂಡು ಬಾ ಎಂದು ಮಗನಿಗೆ ಸನ್ನೆ ಮಾಡಿದ. ವೀಬ್ರೆನ್ ಬಂದ. ತಂಗಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ತನ್ನ ಕಾಲಿನ ಪಟ್ಟಿ ಬಿಚ್ಚತೊಡಗಿದ.

"ನನ್ನ ಸರದಿ ನಿಂಗೆ. ಹಾರು," ಅಂದ.

"ಅಪ್ಪ ನಿನ್ನ ಕೊಂದ್ಹಾಕ್ತಾನೆ."

"ಹಾಕ್ಲಿ. ನಂಗೆ ಸಾಕಾಗಿದೆ ಹಿಸ್ಕೆ. ಪ್ರತಿಸಲ ಮೇಲೆ ಹೋದಾಗ ವಾಂತಿ ಬರುತ್ತೆ ಕಣೆ. ನಿಂಗೆ ಹಾರಬೇಕು ಅನ್ಸುತ್ತಲ್ಲ, ಹಾರು."

ಅವನೇ ಅವಳ ಕಾಲಿಗೆ ಪಟ್ಟಿ ಕಟ್ಟಿದ. ಉಳಿದ ಹೆಂಗಸರು ಎದ್ದು ದಾರಿ ಬಿಟ್ಟರು. ಹಿಸ್ಕೆ ಅಟ್ಟಣೆಯ ಹಿಂತುದಿಗೆ ನಡೆದು ತಿರುಗಿ ನಿಂತಳು. ಗಳದ ಬಳಿ ಅವಳಪ್ಪ. ಇಬ್ಬರೂ ಒಂದು ಗಳಿಗೆ ಮುಖಕ್ಕೆ ಮುಖ ಕೊಟ್ಟು ನೋಡಿದರು. ಯೊಲ್ಲೆ ಗಳದಿಂದ ಕೈ ತೆಗೆದು, ಎರಡೂ ಕೈ ಕಟ್ಟಿಕೊಂಡು, ಪಕ್ಕಕ್ಕೆ ಸರಿದು ನಿಂತ.

ಹಿಡಿಯುವವರಿಲ್ಲದ ಗಳ ಓಲಾಡಿತು. ತ್ರೀನ್ ಒಂದೇ ಹೆಜ್ಜೆಗೆ ಅಲ್ಲಿಗೆ ಹೋಗಿ ಅದನ್ನು ಹಿಡಿದು ನೆಟ್ಟಗೆ ನಿಲ್ಲಿಸಿದಳು. ಯೊಲ್ಲೆಯ ಮುಖಕ್ಕೆ ಎಲ್ಲರಿಗೂ ಕೇಳುವ ಹಾಗೆ, "ನಾಚ್ಕೆ ಆಗ್ಬೇಕು ನಿಮ್ಗೆ," ಎಂದಳು.

ಹಿಸ್ಕೆ ಓಡಿದಳು. ಹಲಗೆ ಒದ್ದೆ, ಗಳ ಒದ್ದೆ. ಅವಳಿಗೆ ಅದ್ಯಾವುದೂ ನೆನಪಿಲ್ಲ. ನೆನಪಿರುವುದು ಇಷ್ಟೇ, ಕೈ ಜಾರಲಿಲ್ಲ. ಹತ್ತಿದಳು, ಹತ್ತಿದಳು, ಗಳ ನಡುನೀರಿನಲ್ಲಿ ನೆಟ್ಟಗಾಯಿತು, ಯಾವ ಕಡೆ ಹೋಗಲಿ ಎಂದು ಒಂದು ಕ್ಷಣ ನಿಂತಿತು, ಆಮೇಲೆ ಆಚೆ ದಡದ ಕಡೆ ವಾಲಿತು. ತುದಿಯಿಂದ ಕಾಲು ಬೀಸಿ ಧುಮುಕಿದಳು. ಬಾಯಿಯ ತುಂಬ ಮರಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಚೆ ದಡದಲ್ಲಿ ಟೇಪು ಹಿಡಿದು ಕೂತಿದ್ದವನು ಮುದುಕ ಫೆಡ್ಡೆ. ಬಹಳ ವರ್ಷಗಳಿಂದ ಅದೇ ಕೆಲಸ. ಯಾರು ಬಿದ್ದರೂ ಎದ್ದು ಅಳೆದು ಕೂಗುವುದು ಅವನಿಗೆ ಉಸಿರಾಟದ ಹಾಗೆ. ಎದ್ದ, ಮರಳಿನ ಗುರುತಿಗೆ ಟೇಪಿಟ್ಟ, ದೂರವನ್ನು ಗಟ್ಟಿಯಾಗಿ ಕೂಗಿದ. ಕೂಗಿದ ಮೇಲೆ ಏನು ಕೂಗಿದೆ ಎಂದು ಅವನಿಗೆ ಹೊಳೆಯಿತು. ಆ ದಿನ ಹಾರಿದ್ದ ಗಂಡಸರಲ್ಲಿ ಅರ್ಧದಷ್ಟು ಜನ ಅವಳಿಗಿಂತ ಹಿಂದಿದ್ದರು. ಲೊಲ್ಕೆ ಧ್ವನಿವರ್ಧಕದಲ್ಲಿ ಲೆಕ್ಕಕ್ಕಿಲ್ಲ, ಲೆಕ್ಕಕ್ಕಿಲ್ಲ ಎಂದು ಅರಚಿದ. ಫೆಡ್ಡೆ ಟೇಪು ಸುತ್ತುತ್ತ, "ಅಳೆದಾಯ್ತಲ್ಲ ಸ್ವಾಮಿ. ಇನ್ನು ಅಳೀದೇ ಇರೋದು ಹೇಗೆ?" ಎಂದ. ಆಗ ದಡದ ಮೇಲೆ ನಗು ಎದ್ದಿತು. ಈ ಸಲ ಅದು ಲೊಲ್ಕೆಯ ಮೇಲಿತ್ತು.

ಯೊಲ್ಲೆ ಸ್ಪರ್ಧೆ ಮುಗಿಯುವ ಮುಂಚೆಯೇ ಮನೆಗೆ ಹೋದ. ಮಗನ ಜೊತೆ ಚಳಿಗಾಲ ಬರುವವರೆಗೆ ಮಾತಾಡಲಿಲ್ಲ. ವೀಬ್ರೆನ್ ಆಮೇಲೆ ಗಳ ಮುಟ್ಟಲಿಲ್ಲ. ಗಡಿಯಾರ ರಿಪೇರಿ ಕಲಿತು ಪಕ್ಕದ ಪೇಟೆಯಲ್ಲಿ ಅಂಗಡಿ ಇಟ್ಟ, ನೆಲಮಾಳಿಗೆಯಲ್ಲಿ.

ಮರುವರ್ಷ ಹೆಂಗಸರ ಸುತ್ತು ಬಂತು. ಲೊಲ್ಕೆ ಅದು ತನ್ನದೇ ಯೋಚನೆ ಎಂಬಂತೆ ಓಡಾಡಿದ. ಹಿಸ್ಕೆ ಆ ಬೇಸಿಗೆಯೂ, ಅದರ ನಂತರದ ಹಲವು ಬೇಸಿಗೆಗಳೂ ಗೆದ್ದಳು. ಬಸ್ಸು ಓಡಿಸುವ ರೊಮ್ಕೆ ಎಂಬ ಶಾಂತ ಸ್ವಭಾವದವನನ್ನು ಮದುವೆಯಾದಳು, ನೀನ್ಕೆ ಎಂಬ ಮಗಳು ಹುಟ್ಟಿದಳು, ಹೆರಿಗೆಯಾದ ಮುಂದಿನ ಬೇಸಿಗೆಗೆ ಮತ್ತೆ ಅಟ್ಟಣೆಯ ಮೇಲಿದ್ದಳು. ಗಳ ಹಿಡಿಯುವವಳು ಯಾವಾಗಲೂ ತ್ರೀನ್. ಒಮ್ಮೆ ಯೊಲ್ಲೆ ಹತ್ತಿರ ಬಂದು ನಾನು ಹಿಡಿಯಲಾ ಎಂದು ಕೇಳಿದ್ದ. ಅವಳು ಬೇಡ ಎಂದಷ್ಟೇ ಹೇಳಿದ್ದಳು. ಅಂದಿನಿಂದ ಅವನು ಮೀನು ಕರಿಯುವ ಗಾಡಿಯ ಹಿಂದೆ ನಿಂತು ನೋಡುತ್ತಿದ್ದ. ಅವನು ಅಲ್ಲಿದ್ದಾನೆ ಎಂಬುದು ಅವಳಿಗೆ ಗೊತ್ತಿರುತ್ತಿತ್ತು. ಗೊತ್ತಿದ್ದರೆ ಇನ್ನೂ ದೂರ ಹಾರುತ್ತಿದ್ದಳು.

ಒಂದು ಬೆಳಿಗ್ಗೆ ರೊಮ್ಕೆ ಪತ್ರಿಕೆಯನ್ನು ಮಡಿಸಿ ತನ್ನ ಕುರ್ಚಿಯ ಕೆಳಗೆ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದ. ಯಾಕೆ ಎಂದು ಹಿಸ್ಕೆ ಎಳೆದು ನೋಡಿದಳು. ಅವಳ ಬಗ್ಗೆ ಬರೆದಿದ್ದರು. ಪತ್ರಿಕೆಯವರು ಯೊಲ್ಲೆಯನ್ನೂ ಮಾತಾಡಿಸಿದ್ದರು. ಮಗಳಿಗೆ ಎಲ್ಲ ಕಲಿಸಿದ್ದು ತಾನೇ, ಚಿಕ್ಕಂದಿನಿಂದ ಅವಳ ಹಿಂದೆ ನಿಂತವನು ತಾನೇ ಎಂದು ಅವನು ಹೇಳಿದ್ದ. ಫೋಟೋದಲ್ಲಿ ಒಂದು ಗಳ ಹಿಡಿದು ನಿಂತಿದ್ದ.

ಹಿಸ್ಕೆ ಪತ್ರಿಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಸೈಕಲ್ ಹತ್ತಿ ಎದುರುಗಾಳಿಯಲ್ಲಿ ಅಪ್ಪನ ಮನೆಗೆ ತುಳಿದಳು. ತಾಯಿ ತೀರಿಹೋಗಿ ಎರಡು ವರ್ಷವಾಗಿತ್ತು. ಯೊಲ್ಲೆ ಅಡಿಗೆಮನೆಯಲ್ಲಿ ಹಾವುಮೀನಿನ ಬಲೆ ಸರಿ ಮಾಡುತ್ತ ಕೂತಿದ್ದ. ಅವಳು ಪತ್ರಿಕೆಯನ್ನು ಬಲೆಯ ಮೇಲೆಸೆದಳು.

"ಇದೇನಿದು?"

"ಚೆನ್ನಾಗಿ ಬರ್ದಿದಾರೆ," ಅಂದ ಅವನು.

"ಎಲ್ಲ ಕಲಿಸ್ದೋನು ನೀನಾ? ಗಳಕ್ಕೆ ಸಾಬೂನು ಸವ್ರಿದ್ದನ್ನ ಹೇಳ್ಲಿಲ್ವಾ ಅವ್ರಿಗೆ? ಕೈ ಎತ್ತಿದ್ದು? ಗಳ ಬಿಟ್ಟು ಕೈ ಕಟ್ಕೊಂಡು ನಿಂತಿದ್ದು?"

ಯೊಲ್ಲೆ ಬಲೆಯ ಗಂಟು ಬಿಗಿಯುತ್ತಲೇ ಇದ್ದ.

"ಎಲ್ರೂ ಕೈ ಎತ್ತಿದ್ರು ಹಿಸ್ಕೆ," ಅಂದ ಕೊನೆಗೆ. "ನಾನೊಬ್ನೇ ಎತ್ತದೆ ಕೂತಿದ್ರೆ ಏನಂತಿದ್ರು? ಸಾಬೂನಿನ ದಿನಾನೂ ಅಷ್ಟೆ. ಲೊಲ್ಕೆ ತಾ ಅಂದ, ತಗೊಂಡ್ಹೋದೆ. ಅವತ್ತು ನಾನು ನಗದೆ ಇದ್ದಿದ್ರೆ ನನ್ನ ನೋಡಿ ನಗೋರು."

"ಅಷ್ಟೇನಾ?"

"ಅಷ್ಟೇ. ಇನ್ನೇನು ಅನ್ಕೊಂಡಿದ್ದೆ?"

ಅವಳು ಏನೇನೋ ಅಂದುಕೊಂಡಿದ್ದಳು. ತಾನು ಹೆಣ್ಣು ಎಂದು ಅವನಿಗೆ ದ್ವೇಷ ಎಂದುಕೊಂಡಿದ್ದಳು. ಅಣ್ಣನಿಗಿಂತ ಮುಂದೆ ಹೋದೆ ಎಂದು ಹೊಟ್ಟೆಕಿಚ್ಚು ಎಂದುಕೊಂಡಿದ್ದಳು. ಇಷ್ಟು ವರ್ಷ ಬೆಟ್ಟದಂಥ ಶತ್ರುವೊಬ್ಬ ಎದುರಿಗಿದ್ದಾನೆ ಎಂದು ಹಾರಿದ್ದಳು. ನೋಡಿದರೆ ಬಿಯರ್ ಅಂಗಡಿಯ ಗೆಳೆಯರಿಗೆ ಹೆದರುವ ಮನುಷ್ಯ, ಪುಕ್ಕಲ. ಅವಳಿಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು, ಆದರೆ ಆ ಸಿಟ್ಟನ್ನು ಇಡುವುದಕ್ಕೆ ಜಾಗವಿರಲಿಲ್ಲ. ಬಾಗಿಲು ಹಾಕದೆ ಹೊರಟುಬಂದಳು.

ಆ ಬೇಸಿಗೆ ಅವಳಿಗೆ ಹಾರಲಾಗಲಿಲ್ಲ. ಓಡುತ್ತಿದ್ದಳು, ನೆಗೆಯುತ್ತಿದ್ದಳು, ನಡುವೆ ಕೈ ಸಡಿಲವಾಗಿ ನೀರಿಗೆ ಬೀಳುತ್ತಿದ್ದಳು. ಊರೂರು ತಿರುಗಿ ಬಿದ್ದಳು. ವಯಸ್ಸಾಯಿತು ಎಂದು ಜನ ಮಾತಾಡಿಕೊಂಡರು. ಒಂದು ಸಂಜೆ, ಮತ್ತೆ ಬಿದ್ದು ಒದ್ದೆಯಾಗಿ ಕೂತಿದ್ದಾಗ, ಇನ್ನು ಸಾಕು, ಬಿಡುತ್ತೇನೆ ಎಂದು ತ್ರೀನಳಿಗೆ ಹೇಳಿದಳು. ಅಪ್ಪ ಹೇಳಿದ್ದನ್ನೂ ಹೇಳಿದಳು. ತ್ರೀನ್ ಟವೆಲ್ ಹಿಂಡುತ್ತಿದ್ದವಳು ಅದನ್ನು ಅವಳ ಮುಖಕ್ಕೆ ಎಸೆದಳು.

"ಇಷ್ಟು ವರ್ಷ ನಿಮ್ಮಪ್ಪನಿಗೋಸ್ಕರ ಹಾರಿದ್ಯೇನೇ? ಹಂಗಾದ್ರೆ ನಾನ್ಯಾರು? ಮಳೇಲಿ ಚಳೀಲಿ ನಿನ್ನ ಗಳ ಹಿಡ್ಕೊಂಡು ನಿಂತಿದ್ನಲ್ಲ, ಆ ಮುದುಕನಿಗೋಸ್ಕರನಾ? ಟೀಚರಮ್ಮ ಯಾಕೆ ಬರ್ತಾಳೆ? ಬೇಕರಿಯೋಳು ಯಾಕೆ ಬರ್ತಾಳೆ? ಎಲ್ಲ ನಿಮ್ಮನೆ ಜಗಳ ನೋಡೋಕ್ಕಾ?"

"ತ್ರೀನಕ್ಕ, ಹಾಗಲ್ಲ..."

"ಹಾಗೇನೇ. ನಿನ್ನಷ್ಟು ಸೊಕ್ಕಿನವಳನ್ನ ನಾನು ನೋಡಿಲ್ಲ. ಬಿಡೋದಾದ್ರೆ ಬಿಡು. ಗಳ ನನ್ನದು, ನಾನು ತಗೊಂಡ್ಹೋಗ್ತೀನಿ."

ಹೇಳಿದ ಹಾಗೆಯೇ ಅಷ್ಟುದ್ದದ ಗಳವನ್ನು ಹೆಗಲಿಗೇರಿಸಿ ಹೊರಟಳು. ಹಿಸ್ಕೆ ಬೈಯುತ್ತ ಅವಳ ಹಿಂದೆ ಓಡಿ ಇನ್ನೊಂದು ತುದಿ ಹಿಡಿದಳು. ಇಬ್ಬರೂ ದಾರಿಯುದ್ದಕ್ಕೂ ಕಿತ್ತಾಡಿಕೊಂಡು, ಮುಂದೆ ಒಬ್ಬಳು ಹಿಂದೆ ಒಬ್ಬಳು, ಗಳ ಹೊತ್ತು ಊರೊಳಗೆ ನಡೆದದ್ದನ್ನು ನೋಡಿದವರಿದ್ದಾರೆ. ಮುಂದಿನ ಶನಿವಾರ ಹಿಸ್ಕೆ ಹಾರಿದಳು. ಗೆಲ್ಲಲಿಲ್ಲ. ನೀರಿಗೆ ಬೀಳಲಿಲ್ಲ ಅಷ್ಟೆ. ಆಮೇಲೆ ಅವಳು ಬಿಡಲಿಲ್ಲ.

ಯೊಲ್ಲೆ ವೃದ್ಧಾಶ್ರಮ ಸೇರಿದ ಮೇಲೆ ಅವಳು ಭಾನುವಾರ ಭಾನುವಾರ ಹೋಗಿ ಅವನ ಉಗುರು ಕತ್ತರಿಸುತ್ತಿದ್ದಳು, ಸೂಪು ಕುಡಿಸುತ್ತಿದ್ದಳು, ಜಗಳವಾಡುತ್ತಿದ್ದಳು. ಕ್ಷಮಿಸಿದೆ ಎಂದು ಅವಳು ಯಾವತ್ತೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಒಂದು ಮಾರ್ಚಿನಲ್ಲಿ ತೀರಿಕೊಂಡ. ಸಮಾಧಿಯ ಬಳಿ ಲೊಲ್ಕೆ ಕೋಲೂರಿಕೊಂಡು ಬಂದು, ನಿಮ್ಮಪ್ಪನಿಗೆ ನಿನ್ನ ಮೇಲೆ ಬಹಳ ಹೆಮ್ಮೆ ಇತ್ತು ಎಂದ. ಅದನ್ನು ನೀವಿಬ್ಬರೂ ಸೇರಿ ಬಚ್ಚಿಟ್ಟುಕೊಂಡಿದ್ದಿರಾ ಎಂದು ಹಿಸ್ಕೆ ಅಷ್ಟು ಜನರ ಮುಂದೆ ಕೇಳಿದಳು. ಪಾದ್ರಿ ಕೆಮ್ಮಿದ.

ಮಗಳು ನೀನ್ಕೆ ಹದಿನೈದಕ್ಕೆ ಬಂದಾಗ ಊರಿನವರೆಲ್ಲ ಅವಳ ತೋಳು, ಕಾಲು ನೋಡಿ ಲೆಕ್ಕ ಹಾಕತೊಡಗಿದರು. ಅಜ್ಜ ಹಾರಿದವನು, ಅಮ್ಮ ಹಾರಿದವಳು, ಇವಳು ಎಷ್ಟು ದೂರ ಹೋಗಬಹುದು ಎಂದು. ಕ್ಲಬ್ಬಿನ ಹೊಸ ಅಧ್ಯಕ್ಷನೇ ಮನೆಗೆ ಬಂದ. ಒಳ್ಳೆಯವನು, ವಿನಯವಂತ. ಹುಡುಗಿಯರ ತಂಡಕ್ಕೆ ನೀನ್ಕೆ ಬೇಕು, ಹೊಸ ಗಳವನ್ನೇ ಕೊಡುತ್ತೇವೆ ಎಂದ. ನೀನ್ಕೆ ನೆಲ ನೋಡುತ್ತ ತನಗೆ ಆಸೆಯಿಲ್ಲ, ತಾನು ಬ್ಯಾಂಡಿಗೆ ಸೇರಿ ಟ್ರಾಂಬೋನ್ ಊದಬೇಕು ಎಂದಳು. ಅವನು ನಕ್ಕು, ಇಂಥ ಮನೆಯಲ್ಲಿ ಹುಟ್ಟಿ ಊದುವುದೇನು, ಒಂದು ಸಲ ಹಾರಿ ನೋಡಮ್ಮ, ತಾನಾಗಿಯೇ ರುಚಿ ಹತ್ತುತ್ತದೆ ಎಂದು ಒತ್ತಾಯಿಸಿದ. ಹಿಸ್ಕೆಯ ಕಡೆ ತಿರುಗಿ, ನೀವೇ ಸ್ವಲ್ಪ ಹೇಳಿ ಎಂದ.

ಟ್ರಾಂಬೋನ್ ವಿಷಯ ಹಿಸ್ಕೆಗೂ ಆಗಲೇ ಗೊತ್ತಾದದ್ದು. ಮಗಳ ಮೇಲೆ ಬಂದ ಸಿಟ್ಟು ಬಾಯಿಯ ತನಕ ಬಂದಿತ್ತು. ಅದನ್ನು ನುಂಗಿ ಅಧ್ಯಕ್ಷನ ಮೇಲೆ ತಿರುಗಿಸಿದಳು.

"ಆಸೆಯಿಲ್ಲ ಅಂದ್ಲಲ್ಲ, ಕಿವಿ ಕೇಳ್ಸಲ್ವಾ? ನಮ್ಮಣ್ಣ ಅಪ್ಪನ ಮುಖ ನೋಡ್ಕೊಂಡು ವಾಂತಿ ಮಾಡ್ಕೊಂಡು ಹಾರ್ತಿದ್ದ. ಇನ್ನೊಬ್ಬರ ಆಸೆಗೆ ಯಾರೂ ಗಳ ಹತ್ತಬಾರ್ದು. ಕಾಫಿ ಮುಗೀತಾ ನಿಮ್ದು?"

ಮುಗಿದಿರಲಿಲ್ಲ. ಅವನು ಆದರೂ ಎದ್ದು ಹೋದ.

ಅವನು ಹೋದ ಮೇಲೆ ಹಿಸ್ಕೆ ಮಗಳ ಜೊತೆ ಒಂದು ಮಾತೂ ಆಡದೆ ಕಾಲುವೆಗೆ ಹೋದಳು. ಸಂಜೆಯ ತನಕ ಒಬ್ಬಳೇ ಹಾರಿದಳು, ಒಂದೂ ಸರಿ ಬರಲಿಲ್ಲ. ಸೊಂಟದ ತನಕ ಕೆಸರಾಗಿ ಮನೆಗೆ ಬಂದರೆ ಮಹಡಿಯ ಕೋಣೆಯಿಂದ ಟ್ರಾಂಬೋನಿನ ಸದ್ದು ಕೇಳುತ್ತಿತ್ತು. ಯಾರಿಂದಲೋ ಎರವಲು ತಂದ ವಾದ್ಯ. ಒಂದೇ ಸಾಲು, ಪ್ರತಿಸಲವೂ ಅದೇ ಜಾಗದಲ್ಲಿ ತಪ್ಪು ಸ್ವರ. ರೊಮ್ಕೆ ಒಲೆಯ ಮುಂದೆ ನಿಂತು ಹುರುಳಿಕಾಯಿ ಬೇಯಿಸುತ್ತಿದ್ದ. ಹಿಸ್ಕೆ ಕೆಸರು ಬೂಟು ಕಳಚಿ ಮೂಲೆಗೆಸೆದಳು. ತಟ್ಟೆ ಎಳೆದುಕೊಂಡು ಕೂತಳು. ಮೇಲೆ ಮತ್ತೆ ಅದೇ ತಪ್ಪು ಸ್ವರ ಬಂತು.

"ನಿಲ್ಲಿಸು ಅನ್ಲಾ?" ಎಂದು ರೊಮ್ಕೆ ಮೆಲ್ಲಗೆ ಕೇಳಿದ.

"ಅವಳ ತಂಟೆಗೆ ಹೋಗ್ಬೇಡ," ಎಂದು ಹಿಸ್ಕೆ ಸಿಡುಕಿದಳು. ಹಲ್ಲು ಕಡಿಯುತ್ತ ಹುರುಳಿಕಾಯಿ ತಿಂದಳು.